ಬಾನೆಟ್ಟಿನೊಳಗೊಂದು ದೇವರ ಜಗಲಿ

ಶಹಾಪುರದಿಂದ ಸುರಪುರದ ಕಡೆಗೆ ಹೊರಟರೆ ಊರು ಮುಗಿಯುವಲ್ಲಿ ಒಂದು ಬೇವಿನ ಮರ, ಮರದ ಕೆಳಗೆ ತಗಡಿನ ಶೆಡ್ಡು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಲ್ಕಪ್ಪ ಕೊಡದಿಂದ ನೀರು ತೆಗೆದು ಅಂಗಳಕ್ಕೆ ಚಿಮುಕಿಸುತ್ತಿದ್ದಾರೆ. ಎಂಜಿನ್ ಬಿಚ್ಚುವ ಜಾಗದಲ್ಲಿ ಧೂಳು ಏಳಕೂಡದು ಎಂಬುದು ಅವರ ನಿಯಮ. ಒಳಗೆ ಅವರ ಹೆಂಡತಿ ಮಹಾನಂದಾ ಗೋಣಿತಟ್ಟು ಹಾಸಿ ನಟ್ಟು ಬಿಚ್ಚುವ ಪಾನಾಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದಾರೆ. ನಿನ್ನೆ ಅಮಾವಾಸ್ಯೆ. ಅಮಾವಾಸ್ಯೆಯ ಮರುದಿನ ಈ ಶೆಡ್ಡಿಗೆ ಕೆಲಸ ಹೆಚ್ಚು.

ಮೊದಲ ಗಾಡಿ ಗೋಗಿಯ ಕಡೆಯಿಂದ ಬರುತ್ತದೆ. ಬರುತ್ತದೆ ಅನ್ನುವುದಕ್ಕಿಂತ, ಟ್ರ್ಯಾಕ್ಟರೊಂದು ಅದನ್ನು ಹಗ್ಗ ಕಟ್ಟಿ ಎಳೆದು ತರುತ್ತದೆ. ಹದಿನೈದು ವರ್ಷ ದಾಟಿದ, ಬಣ್ಣ ಮಾಸಿದ ಬಿಳಿಯ ಡೀಸೆಲ್ ಕಾರು. ಹಿಂದಿನ ಸೀಟು ಕಿತ್ತು ಮಾಡಿಕೊಂಡ ಜಾಗದಲ್ಲಿ ಬುಟ್ಟಿಗಳು, ಬುಟ್ಟಿಗಳ ತುಂಬ ಬಿಳಿ ಬಟ್ಟೆ ಮುಚ್ಚಿದ ಕಡಕ್ ಜೋಳದ ರೊಟ್ಟಿ. ಸ್ಟೀರಿಂಗ್ ಹಿಡಿದಿರುವವರು ಬಸವಕುಮಾರ. ಪಕ್ಕದ ಸೀಟಿನಿಂದ ಇಳಿಯುವವರು ಅವರ ಸೋದರತ್ತೆ, ಗಾಡಿಯ ಒಡತಿ ಹಂಪಮ್ಮ.

ಮಲ್ಕಪ್ಪ ಏನಾಯಿತು ಎಂದು ಕೇಳುವುದಿಲ್ಲ. ಕೆಟ್ಟು ಬಂದ ಎಲ್ಲ ಹಳೆಯ ಡೀಸೆಲ್ ಕಾರಿಗೂ ಅವರ ಮೊದಲ ಪ್ರಶ್ನೆ ಒಂದೇ.

"ಧಕ್ಕಾ ಹೊಡದ್ರೇನು?"

"ಇಲ್ಲ ಉಸ್ತಾದ. ಆಣಿ ಮಾಡಿ ಹೇಳ್ತೀನಿ, ಇಲ್ಲ," ಅನ್ನುತ್ತಾರೆ ಬಸವಕುಮಾರ.

"ಬಂದ್ ಬಿದ್ದಮ್ಯಾಲ ಚಾವಿ ತಿರುವಿದಿ?"

"ಒಮ್ಮಿನೂ ಇಲ್ಲ. ತಗದು ಅತ್ತಿ ಕೈಯಾಗ ಕೊಟ್ಟೀನಿ."

"ಎಳಕೊಂಡ್ ಬರುವಾಗ ಗೇರ್ನಾಗ ಇತ್ತೇನು?"

"ನ್ಯೂಟ್ರಲ್."

ಹಂಪಮ್ಮ ಸೆರಗಿನ ಗಂಟು ಬಿಚ್ಚಿ ಚಾವಿ ತೋರಿಸುತ್ತಾರೆ. "ದಾರ್ಯಾಗ ಹೊಲಕ್ಕ ಹೊಂಟೋರು ನಾಕೈದು ಮಂದಿ ನಿಂತ್ರಪ್ಪ. ದಬ್ಬತೀವಿ, ಕೂಡ್ರಿ ಅಂದ್ರು. ಇವ ಗಾಡಿ ಹಿಂದ ಹೋಗಿ ಕೈ ಅಗಲ ಮಾಡಿ ನಿಂತಬಿಟ್ಟ. ಇವಂಗ ಹುಚ್ಚ ಹಿಡದಾದ ಅನಕೊಂಡು ಹೋದ್ರು ಅವ್ರು."

ಮಲ್ಕಪ್ಪ ಬಸವಕುಮಾರರ ಬೆನ್ನಿಗೊಂದು ಏಟು ಹಾಕುತ್ತಾರೆ. ಶಾಭಾಸ್ ಎಂದು ಅರ್ಥ.

ಇಂಥ ಕಾರಿನ ಎಂಜಿನ್ನಿನ ಒಂದು ಮಗ್ಗುಲಲ್ಲಿ ಎರಡು ಬಗೆಯ ಬೆಲ್ಟುಗಳಿರುತ್ತವೆ. ಹೊರಗೆ ಕಾಣುವುದು ಡೈನಮೋ ತಿರುಗಿಸುತ್ತದೆ. ಸವೆದರೆ ಕಿರುಗುಟ್ಟುತ್ತದೆ, ತುಂಡಾದರೆ ಬ್ಯಾಟರಿ ಇಳಿಯುತ್ತದೆ. ಅದರಿಂದ ಪ್ರಾಣಾಪಾಯವಿಲ್ಲ. ಒಳಗಿನದು ಹಲ್ಲಿರುವ ಬೆಲ್ಟು, ಟೈಮಿಂಗ್ ಬೆಲ್ಟು. ಕೆಳಗಿನ ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ ಮೇಲಿನ ದಂಡ ಸರಿಯಾಗಿ ಒಂದು ಸುತ್ತು ತಿರುಗಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಈ ಲೆಕ್ಕ ಕಾಯುವುದೇ ಅದರ ಕೆಲಸ. ಲೆಕ್ಕ ಸರಿಯಿದ್ದಾಗ ಪಿಸ್ಟನ್ ಮೇಲೆ ಬರುತ್ತದೆ, ಗಾಳಿಯ ಬಾಗಿಲಾದ ವಾಲ್ವ್ ಮುಚ್ಚಿಕೊಂಡು ದಾರಿ ಬಿಡುತ್ತದೆ. ಬೆಲ್ಟು ಕೆಲವು ಹಲ್ಲು ಜಾರಿದರೆ ಎರಡೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರುತ್ತವೆ. ಬಾಗುವುದು ವಾಲ್ವ್.

ಹಾಗೆ ಜಾರಿ ನಿಂತ ಕಾರನ್ನು ದಬ್ಬಿ ಚಾಲೂ ಮಾಡಲು ಹೋದರೆ, ಬಾಗದೆ ಉಳಿದಿದ್ದ ವಾಲ್ವುಗಳೂ ಬಾಗುತ್ತವೆ. ದಾರಿಯಲ್ಲಿ ನಿಂತ ಗಾಡಿಗೆ ಕರೆಯದೆ ಬಂದು ಹೆಗಲು ಕೊಡುವುದು ಈ ಭಾಗದ ಜನರ ಒಳ್ಳೆಯ ಗುಣ. ಆ ಒಳ್ಳೆಯ ಗುಣ ಎಷ್ಟೋ ಎಂಜಿನ್ನುಗಳ ಜೀವ ತೆಗೆದಿದೆ. ಆದ್ದರಿಂದ ತಮ್ಮಲ್ಲಿಗೆ ಬರುವ ಪ್ರತಿ ಡ್ರೈವರಿಗೂ ಮಲ್ಕಪ್ಪ ಹೇಳಿಕೊಟ್ಟಿದ್ದಾರೆ: ಓಡುತ್ತಿದ್ದ ಗಾಡಿ ಸದ್ದಿಲ್ಲದೆ ಸತ್ತರೆ, ಮೊದಲು ಚಾವಿ ತೆಗೆದು ಬೇರೆಯವರ ಕೈಗೆ ಕೊಡು.

ಚಾವಿ ಸೆರಗಿನಲ್ಲಿತ್ತು, ನಿಜ. ಆದರೆ ಗಾಡಿ ನಿಲ್ಲುವ ಮೊದಲಿನ ಆ ಒಂದೆರಡು ಕ್ಷಣಗಳಲ್ಲಿ ಒಳಗೆ ಏನಾಗಿದೆಯೋ ಯಾರಿಗೂ ಗೊತ್ತಿಲ್ಲ. ವಾಲ್ವು ಬಾಗಿದ್ದರೆ ಎಂಜಿನ್ನಿನ ತಲೆ ಇಳಿಸಬೇಕು, ಮತ್ತು ಇಷ್ಟು ಹಳೆಯ ಗಾಡಿಗೆ ಅಷ್ಟು ದೊಡ್ಡ ಕೆಲಸ ಮಾಡಿಸುವ ಬದಲು ಗುಜರಿಗೆ ಕೊಡುವುದೇ ವಾಸಿ. ಹಂಪಮ್ಮನ ಅಂಗಳದಲ್ಲಿ ಆರೇಳು ಹೆಂಗಸರು ಕೂತು ರೊಟ್ಟಿ ಬಡಿಯುತ್ತಾರೆ. ದಿನ ಬಿಟ್ಟು ದಿನ ಆ ರೊಟ್ಟಿ ಯಾದಗಿರಿ ಸ್ಟೇಷನ್ ಹತ್ತಿರದ ಒಂದು ಖಾನಾವಳಿಗೂ, ಕಡೇಚೂರಿನ ಕಾರ್ಖಾನೆಗಳ ಕೆಲಸಗಾರರು ಉಣ್ಣುವ ಸೈದಾಪುರದ ಇನ್ನೊಂದು ಖಾನಾವಳಿಗೂ ಹೋಗುತ್ತದೆ. ಶೇರ್ ಆಟೊದಲ್ಲಿ ಕಳಿಸಿ ನೋಡಿದ್ದರಂತೆ. ಮುಟ್ಟುವಷ್ಟರಲ್ಲಿ ಅರ್ಧ ರೊಟ್ಟಿ ಪುಡಿ.

"ಇದು ಹೋದ್ರ ಇನ್ನೊಂದು ಗಾಡಿ ತರೋ ತಾಕತ್ತು ನನಗಿಲ್ಲ," ಅನ್ನುತ್ತಾರೆ ಹಂಪಮ್ಮ. ಅಳುತ್ತಿಲ್ಲ. ಬುಟ್ಟಿಯ ಮೇಲಿನ ಬಟ್ಟೆಯ ಅಂಚನ್ನು ಮತ್ತೆ ಮತ್ತೆ ಒಳಗೆ ಮಡಚುತ್ತಿದ್ದಾರೆ.

ಬಾನೆಟ್ ಏಳುತ್ತದೆ. ಎಂಜಿನ್ ಮೇಲೆಲ್ಲ ವಿಭೂತಿ, ಕುಂಕುಮ, ಬಾಡಿದ ಚೆಂಡುಹೂವಿನ ಎಸಳು. ಟೈಮಿಂಗ್ ಬೆಲ್ಟಿನ ಮೇಲೆ ಇರಬೇಕಾದ ಪ್ಲಾಸ್ಟಿಕ್ ಮುಚ್ಚಳದ ಮೇಲರ್ಧ ಇಲ್ಲ.

"ಮ್ಯಾಲಿನ ಮುಚ್ಚಳ ಎಲ್ಲಿ ಹೋತು?"

"ಬ್ಯಾಸಿಗ್ಯಾಗ ಬಿಚ್ಚಿದ್ದೆ ಉಸ್ತಾದ. ಎಂಜಿನ್‌ಗಿ ಗಾಳಿ ಆಡ್ಲಿ ಅಂತ."

ಈ ಉತ್ತರ ಮಲ್ಕಪ್ಪನವರಿಗೆ ಹೊಸದಲ್ಲ. ಕಲ್ಲು ಬಿರಿಯುವ ಬಿಸಿಲಿನ ಈ ಸೀಮೆಯಲ್ಲಿ ಮನುಷ್ಯರಿಗೆ ಸೆಕೆಯಾದಂತೆ ಎಂಜಿನ್ನಿಗೂ ಆಗುತ್ತದೆಂದು ನಂಬಿ ಮುಚ್ಚಳ ಕಳಚಿಡುವ ಡ್ರೈವರುಗಳು ಬಹಳ. ಆ ಮುಚ್ಚಳಕ್ಕೂ ಎಂಜಿನ್ ತಂಪಾಗುವುದಕ್ಕೂ ಸಂಬಂಧವಿಲ್ಲ.

"ಚೆಲ್ಲಿಲ್ಲ ಮತ್ತ," ಹಂಪಮ್ಮ ನಡುವೆ ಬಾಯಿ ಹಾಕುತ್ತಾರೆ. "ಹಿತ್ತಲದಾಗ ಅದ. ಗುಬ್ಬಿಗಿ ನೀರಿಟ್ಟೀನಿ ಅದರಾಗ."

"ಗುಬ್ಬಿಗಿ ಬ್ಯಾರೆ ಬಟ್ಟಲ ಇಡ್ರಿ ಅಕ್ಕಾರ. ಅದು ಇದರ ಅಂಗಿ."

ಕೆಲಸ ಶುರುವಾಗುತ್ತದೆ. ಇಲ್ಲಿ ಗಾಡಿ ಎತ್ತುವ ಯಂತ್ರವಿಲ್ಲ. ಒಂದು ಜಾಕ್, ಮರದ ದಿಮ್ಮಿ, ಮಲಗಲು ಗೋಣಿತಟ್ಟು. ಬಲಗಡೆಯ ಮುಂದಿನ ಗಾಲಿ ಕಳಚಿ, ಎಂಜಿನ್ನಿನ ಕೆಳಗೆ ದಿಮ್ಮಿ ಕೊಟ್ಟು, ಅದನ್ನು ಹಿಡಿದಿರುವ ಮೇಲಿನ ಕೊಂಡಿ ಬಿಚ್ಚುತ್ತಾರೆ. ಎಂಜಿನ್ನಿಗೂ ಕಾರಿನ ಗೋಡೆಗೂ ನಡುವೆ ಕೈ ತೂರುವಷ್ಟೇ ಸಂದಿ. ಕಾಣುವ ಕೆಲಸಕ್ಕಿಂತ ಕಾಣದ ಕೆಲಸ ಹೆಚ್ಚು, ಬೆರಳೇ ಕಣ್ಣು. ನಲವತ್ತೇಳು ವರ್ಷದ ಮಲ್ಕಪ್ಪನವರ ಬಲಗೈ ಗೆಣ್ಣುಗಳ ಮೇಲೆ ಚರ್ಮ ಎಷ್ಟು ಸಲ ಸುಲಿದು ಬಂದಿದೆಯೋ, ಅಲ್ಲಿ ಕೂದಲು ಹುಟ್ಟುವುದನ್ನೇ ಬಿಟ್ಟಿದೆ.

ಅವರು ಶಿರವಾಳದವರು. ಮನೆತನದ ಕಸುಬು ಕುರಿ. ತಂದೆ ವರ್ಷದ ಬಹುಪಾಲು ಹಿಂಡಿನ ಜೊತೆ ಊರೂರು ಅಲೆಯುತ್ತಿದ್ದರು. ಹಳೆಯ ಗುಡಿಗಳ ನೆರಳಿನಲ್ಲಿ ಮರಿಗಳನ್ನು ಕಾಯುತ್ತ ಬೆಳೆದ ಮಲ್ಕಪ್ಪನವರಿಗೆ ಬೆಲ್ಟು ಎಂದರೇನು ಎಂಬ ಮೊದಲ ಪಾಠ ಸಿಕ್ಕಿದ್ದು ಗ್ಯಾರೇಜಿನಲ್ಲಲ್ಲ, ತಾಯಿ ಮಲಕಮ್ಮನ ಉಣ್ಣೆಯ ರಾಟಿಯಲ್ಲಿ. ದೊಡ್ಡ ಚಕ್ರದಿಂದ ಕದಿರಿಗೆ ಒಂದು ದಾರ ಸುತ್ತಿರುತ್ತದೆ. ಚಕ್ರ ತಿರುವಿದರೆ ದಾರ ಕದಿರನ್ನು ತಿರುಗಿಸುತ್ತದೆ.

"ದಾರ ಬಿಗಿ ಆದ್ರ ಕದಿರು ಕುಂತ ಜಾಗ ಸವೀತದ. ಸಡಲ ಆದ್ರ ಜಾರತದ, ನೂಲು ದಪ್ಪ ಬರತದ. ಅವ್ವ ಬೆರಳಿಂದ ಮೀಟಿ ನೋಡತಿದ್ಲು. ಮೀಟಿದ್ರ ಸಾಕು, ಗೊತ್ತಾಗತಿತ್ತು ಆಕಿಗಿ. ನಾ ಇವತ್ತಿಗೂ ಅದನ್ನ ಮಾಡಾಕತ್ತೀನ್ರಿ, ಬ್ಯಾರೆ ಏನಿಲ್ಲ," ಅನ್ನುತ್ತಾರೆ ಅವರು, ಕಾರಿನ ಕೆಳಗಿನಿಂದ.

ಮುಂದೆ ಸುರಪುರದ ನಯೀಮ ಉಸ್ತಾದರ ಗ್ಯಾರೇಜು ಸೇರಿದರು. ಉಸ್ತಾದರು ಈಗಿಲ್ಲ. ಅವರು ಕಲಿಸಿದ ಒಂದು ಕ್ರಮ ಈ ಶೆಡ್ಡಿನಲ್ಲಿ ಇನ್ನೂ ನಡೆಯುತ್ತಿದೆ: ಹೊಸ ಬೆಲ್ಟು ಹಾಕುವ ಮುಂಚೆ ಹಳೆಯದನ್ನು ಓದಬೇಕು. ಮಲ್ಕಪ್ಪ ಮೊದಲು ಹೊರಗಿನ ಡೈನಮೋ ಬೆಲ್ಟು ತೆಗೆದು, ಒಳಮೈ ಹೊರಗೆ ಬರುವಂತೆ ಹಿಂದಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿಯುತ್ತಾರೆ. ಗೀರುಗಳ ನಡುವೆ ಸಣ್ಣ ಸಣ್ಣ ಬಿರುಕು, ಉಜ್ಜುವ ಬದಿಯಲ್ಲಿ ಗಾಜಿನಂಥ ಹೊಳಪು.

"ವಯಸ್ಸಾಗಿ ಸತ್ತಿದ್ದು ಹಿಂಗ ಹೊಳಿಯೂದಿಲ್ರಿ. ಇದನ್ನ ಪಾಲಿಶ್ ಮಾಡ್ಯಾರ."

ಪಾಲಿಶ್ ಮಾಡಿದ್ದು ವಿಭೂತಿ. ಅದನ್ನು ಅವರು ಇನ್ನೂ ಹಂಪಮ್ಮನಿಗೆ ಹೇಳುವುದಿಲ್ಲ.

ಒಳಗಿನ ಟೈಮಿಂಗ್ ಬೆಲ್ಟು ಬಿಚ್ಚುವ ಮೊದಲು ಗುರುತುಗಳನ್ನು ನೋಡಬೇಕು. ಬೆಲ್ಟು ಕೂರುವ ಮೇಲಿನ ಪುಲ್ಲಿಯ ಗುರುತು ಇರಬೇಕಾದ ಜಾಗದಿಂದ ಎರಡು ಹಲ್ಲು ಸರಿದಿದೆ. ಹೌದು, ಜಾರಿದೆ. ಆದರೆ ಒಳ್ಳೆಯ ಬೆಲ್ಟು ಸುಮ್ಮನೆ ಜಾರುವುದಿಲ್ಲ. ಇದನ್ನು ಎರಡು ವರ್ಷದ ಹಿಂದೆ ಇದೇ ಶೆಡ್ಡಿನಲ್ಲಿ ಹಾಕಿದ್ದು, ಇನ್ನೂ ಓಡುವ ಕಾಲವಿತ್ತು. ಮಲ್ಕಪ್ಪ ಕೆಳಗಿನ ಪುಲ್ಲಿಯ ಸುತ್ತ ಬೆರಳಾಡಿಸುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ. ಮಹಾನಂದಾ ಬ್ಯಾಟರಿ ದೀಪ ಹತ್ತಿರ ತರುತ್ತಾರೆ. ಚಿಮುಟದಿಂದ ಹೊರಗೆ ಬರುವುದು ಉಗುರಿನಗಲದ ಒಂದು ಕಂದು ಚೂರು. ಗಂಡ ಹೆಂಡತಿ ಇಬ್ಬರೂ ಅದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ತೆಂಗಿನಕಾಯಿಯ ಚಿಪ್ಪು.

ನಡೆದದ್ದನ್ನು ಊಹಿಸುವುದು ಕಷ್ಟವಲ್ಲ. ಅಮಾವಾಸ್ಯೆಯ ಸಂಜೆ ಗಾಡಿ ತೊಳೆದು, ಬಾನೆಟ್ ಎತ್ತಿ ಪೂಜೆ ಮಾಡುವುದು ಇಲ್ಲಿಯ ಪದ್ಧತಿ. ಹೊರಮೈಗೆ ಹಚ್ಚಿದ ವಿಭೂತಿ ಗಾಡಿಗೆ ಮುಟ್ಟೀತೇ? ಎಂಜಿನ್ನೇ ಗಾಡಿಯ ಜೀವ, ಪೂಜೆ ಅಲ್ಲಿಗೇ ಆಗಬೇಕು ಎಂಬ ಭಾವನೆ. ಕಾಯಿಯನ್ನು ಎಂಜಿನ್ನಿನ ಪಕ್ಕದ ಕಬ್ಬಿಣಕ್ಕೇ ಹೊಡೆದು ಒಡೆಯುತ್ತಾರೆ, ನೀರು ಒಳಗೇ ಚಿಮುಕಿಸುತ್ತಾರೆ. ಹಾರಿದ ಚೂರೊಂದು ಮುಚ್ಚಳವಿಲ್ಲದ ಬಾಯಿಯಲ್ಲಿ ಎಲ್ಲೋ ಕೂತಿತ್ತು. ಬೆಳಿಗ್ಗೆ ರಸ್ತೆಯ ಕುಲುಕಾಟಕ್ಕೆ ಕೆಳಗೆ ಬಿದ್ದು, ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿತು.

ಮಲ್ಕಪ್ಪ ಚೂರನ್ನು ಒರೆಸಿ ಅಂಗಿಯ ಕಿಸೆಗೆ ಹಾಕುತ್ತಾರೆ. ಮೊದಲು ಎಂಜಿನ್ ಬದುಕಿದೆಯೋ ಇಲ್ಲವೋ ತಿಳಿಯಬೇಕು.

ಶೆಡ್ಡಿನ ಮೂಲೆಯಲ್ಲಿ ಒಂದು ದೊಡ್ಡ ಮಣ್ಣಿನ ಹರವಿ. ಹೊಸ ಬೆಲ್ಟುಗಳು ಇರುವುದು ಅದರೊಳಗೆ. ತಗಡಿನ ಕೆಳಗಿನ ಕಾವಿಗೆ ರಬ್ಬರು ಹಾಕುವ ಮುಂಚೆಯೇ ಮುದಿಯಾಗುತ್ತದೆ, ಹರವಿಯೊಳಗೆ ತಂಪು. ಅಂಗಡಿಯ ಗಾಜಿನಲ್ಲಿ ಬಿಸಿಲಿಗೆ ತೂಗಿದ ಬೆಲ್ಟನ್ನು ಅವರು ಮುಟ್ಟುವುದಿಲ್ಲ, ಅದು ಎಷ್ಟೇ ದೊಡ್ಡ ಹೆಸರಿನದಾಗಲಿ. ಬೆಲ್ಟನ್ನು ಮಡಚುವುದಿಲ್ಲ, ಮೊಳೆಗೆ ನೇತುಹಾಕುವುದಿಲ್ಲ, ಪಾನಾದಿಂದ ಮೀಟಿ ಕೂರಿಸುವುದೂ ಇಲ್ಲ. ಒಳಗಿನ ಎಳೆ ಒಮ್ಮೆ ಮುರಿದರೆ ಹೊರಗೆ ಕಾಣುವುದಿಲ್ಲ, ಎಲ್ಲೋ ದಾರಿಯಲ್ಲಿ ತನ್ನ ಲೆಕ್ಕ ತೀರಿಸಿಕೊಳ್ಳುತ್ತದೆ.

ಎಲ್ಲ ಗುರುತುಗಳನ್ನೂ ಅವುಗಳ ಜಾಗಕ್ಕೆ ತಂದು ಹೊಸ ಟೈಮಿಂಗ್ ಬೆಲ್ಟನ್ನು ಕೆಳಗಿನ ಪುಲ್ಲಿಯಿಂದ ಹಿಡಿದು ಮೇಲಕ್ಕೆ, ಎಳೆಯುವ ಬದಿ ಸಡಿಲಾಗದಂತೆ, ಹಲ್ಲು ಹಲ್ಲಾಗಿ ಕೂರಿಸುತ್ತಾರೆ. ಬಿಗಿ ಮಾಡುವ ಗಾಲಿಯನ್ನು ಮೊದಲು ಕಿವಿಯ ಹತ್ತಿರ ಹಿಡಿದು ತಿರುಗಿಸಿ ಕೇಳಿದ್ದರು. ಅದರಲ್ಲಿ ಮರಳಿನಂಥ ಸದ್ದಿತ್ತು, ಹಾಗಾಗಿ ಅದೂ ಹೊಸದು.

ಈಗ ಪರೀಕ್ಷೆ. ಕೆಳಗಿನ ದಂಡಕ್ಕೆ ಉದ್ದ ಹಿಡಿಯ ಪಾನಾ ಹಾಕಿ ಕೈಯಿಂದಲೇ ಎಂಜಿನ್ ತಿರುಗಿಸಬೇಕು. ನಾಲ್ಕು ಸಿಲಿಂಡರಿನ ಎಂಜಿನ್ನು ಎರಡು ಸುತ್ತಿನಲ್ಲಿ ನಾಲ್ಕು ಸಲ ಒಳಗಿನ ಗಾಳಿಯನ್ನು ಅದುಮುತ್ತದೆ. ಅದುಮಿದಾಗೆಲ್ಲ ಪಾನಾ ಕೈಯನ್ನು ಹಿಂದಕ್ಕೆ ದಬ್ಬಬೇಕು. ದಬ್ಬದಿದ್ದರೆ ಆ ಸಿಲಿಂಡರಿನ ವಾಲ್ವು ಮುಚ್ಚುತ್ತಿಲ್ಲ, ಅಂದರೆ ಬಾಗಿದೆ.

"ಸುಮ್ಕಿರ್ರಿ ಎಲ್ಲಾರೂ," ಅನ್ನುತ್ತಾರೆ ಮಹಾನಂದಾ, ಮಾತಾಡುತ್ತಿರುವವರು ಯಾರೂ ಇಲ್ಲದಿದ್ದರೂ.

ಮಲ್ಕಪ್ಪ ಕಣ್ಣು ಮುಚ್ಚಿದ್ದಾರೆ. ಒಂದು. ಕೈ ಹಿಂದಕ್ಕೆ ಬರುತ್ತದೆ. ಎರಡು. ಮತ್ತೆ ಬರುತ್ತದೆ. ಮೂರನೆಯ ಸಲ ಪಾನಾ ಹಗುರಾಗಿ, ಬಹಳ ಹಗುರಾಗಿ ದಾಟಿಬಿಡುತ್ತದೆ. ಹಂಪಮ್ಮ ಅವರ ಮುಖವನ್ನೇ ನೋಡುತ್ತಿದ್ದಾರೆ. ನಾಲ್ಕನೆಯದು ಸರಿಯಾಗಿದೆ.

"ಯಾಕ? ಏನಾತು?"

"ತಡೀರಿ ಅಕ್ಕಾರ. ಮೂರನೇದಕ್ಕ ನನ್ನ ಕೈ ಜಾರಿ, ಮೆಲ್ಲಕ ತಿರುವಿದೆ. ಮೆಲ್ಲಕ ಹೋದ್ರ ಗಾಳಿಗಿ ನುಸಳಾಕ ಟೈಮ್ ಸಿಗತದ. ಇನ್ನೊಮ್ಮಿ ನೋಡೂಣು."

ಪಾನಾ ಒರೆಸಿ ಹಿಡಿ ಬದಲಿಸುತ್ತಾರೆ. ಈ ಸಲ ನಾಲ್ಕನ್ನೂ ಒಂದೇ ಹದದಲ್ಲಿ ತಿರುಗಿಸುತ್ತಾರೆ. ಒಂದು. ಎರಡು. ಮೂರನೆಯದಕ್ಕೆ ಪಾನಾ ಒಂದು ಕ್ಷಣ ನಿಂತು, ಮುನಿಸಿಕೊಂಡ ಎತ್ತಿನಂತೆ ಅವರ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಅವರು ಮತ್ತೆರಡು ಸುತ್ತು ತಿರುಗಿಸಿ, ಗುರುತುಗಳು ಜಾಗಕ್ಕೆ ಬಂದದ್ದನ್ನು ನೋಡಿ, ಆಮೇಲೆ ಹೇಳುತ್ತಾರೆ.

"ಜೀವ ಅದರಿ."

ಹಂಪಮ್ಮ ದಿಮ್ಮಿಯ ಮೇಲೆ ಕೂತುಬಿಡುತ್ತಾರೆ. "ಶಿವಾ," ಅನ್ನುತ್ತಾರೆ. "ನಾ ತಪ್ಪದ ಪೂಜಿ ಮಾಡಿದ್ದಕ್ಕ ಉಳೀತು ನೋಡು."

ಮಲ್ಕಪ್ಪನವರ ಕೈ ಕಿಸೆಗೆ ಹೋಗುವುದು ಆಗಲೇ.

ಕೆಲವು ವರ್ಷಗಳ ಹಿಂದೆ ಇದೇ ಮಾತನ್ನು ಸುರಪುರದ ಮಾನಪ್ಪ ಎಂಬ ಬಾಡಿಗೆ ಕಾರಿನ ಡ್ರೈವರು ಆಡಿದಾಗ, ಮಲ್ಕಪ್ಪ ಒಂದೇ ಏಟಿಗೆ ಹೇಳಿದ್ದರು: ನಿನ್ನ ಪೂಜೆಯೇ ನಿನ್ನ ಗಾಡಿ ಕೆಡಿಸಿತು. ಮಾನಪ್ಪ ಗಾಡಿ ಹೊರಡಿಸಿಕೊಂಡು ಹೋದವರು ವರ್ಷವಿಡೀ ಇತ್ತ ತಲೆ ಹಾಕಲಿಲ್ಲ. ಅಂದು ಮಹಾನಂದಾ ಗಂಡನಿಗೆ ಹೇಳಿದ ಮಾತೇ ಈ ಶೆಡ್ಡಿನ ದಾರಿ ಬದಲಿಸಿತು. ಅದನ್ನು ಅವರೇ ಹೇಳುತ್ತಾರೆ: "ನಾ ಅಂದೆ, ಅವ್ರಿಗಿ ಬ್ಯಾಡ ಅನ್ನಬ್ಯಾಡ್ರಿ. ಬ್ಯಾಡ ಅಂದ್ರ ಯಾರು ಕೇಳ್ತಾರ? ಎಲ್ಲಿ ಮಾಡಬೇಕು ಅಂತ ಜಾಗ ತೋರಸ್ರಿ." ಮರುದಿನ ಮಹಾನಂದಾ ತಾವೇ ಖಾಲಿ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಅಂಗೈಯಗಲದ ಒಂದು ತಟ್ಟೆ ಮಾಡಿದರು. ಚೂಪು ಅಂಚನ್ನು ಒಳಕ್ಕೆ ಮಡಚಿ, ವಿಭೂತಿ ಚೆಲ್ಲದಂತೆ ಸುತ್ತ ಸಣ್ಣ ಕಟ್ಟೆ ಎಬ್ಬಿಸಿದರು. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯ ಮೇಲೆ, ಬೆಲ್ಟಿನಿಂದಲೂ ಬ್ಯಾಟರಿಯಿಂದಲೂ ದೂರಕ್ಕೆ ಅದನ್ನು ರಿವೆಟ್ ಹೊಡೆದು ಕೂರಿಸುವುದು ಮಲ್ಕಪ್ಪನವರ ಕೆಲಸ. ಹೂವು, ವಿಭೂತಿ, ಕುಂಕುಮ ಅಲ್ಲಿ. ಕರ್ಪೂರ ಹಚ್ಚುವುದು ನೆಲದ ಮೇಲೆ. ಕಾಯಿ ಒಡೆಯುವುದು ಬಾನೆಟ್ ಮುಚ್ಚಿ, ಮುಂದಿನ ಗಾಲಿಯ ಎದುರಿಗೆ, ಕಲ್ಲಿನ ಮೇಲೆ.

ಆದರೆ ಪ್ರತಿ ಗಾಡಿಯ ಒಡೆಯರಿಗೂ ಈ ಮಾತನ್ನು ಹೊಸದಾಗಿಯೇ ಆಡಬೇಕು. ಎರಡು ವರ್ಷದ ಹಿಂದೆ ಬೆಲ್ಟು ಹಾಕಿಸಲು ಬಸವಕುಮಾರ ಒಬ್ಬರೇ ಬಂದಿದ್ದರು. ಮಲ್ಕಪ್ಪ ಚಿಪ್ಪಿನ ಚೂರನ್ನು ಹಂಪಮ್ಮನ ಅಂಗೈಯಲ್ಲಿಡುತ್ತಾರೆ.

"ಇದು ಬೆಲ್ಟಿನ ಕೆಳಗ ಸಿಕ್ತರಿ."

ಹಂಪಮ್ಮ ಹೊರಳಿಸಿ ನೋಡುತ್ತಾರೆ. ಅವರಿಗೆ ತಿಳಿಯಲು ಹೊತ್ತು ಬೇಕಾಗುವುದಿಲ್ಲ. "ನಿನ್ನಿ ಕಾಯಿದು."

"ಹೌದ್ರಿ."

"ಅಂದ್ರ ನಾ ದೇವ್ರಿಗಿ ಒಡದ ಕಾಯಿನ ನನ್ನ ಗಾಡಿ ನಿಂದರಸ್ತು ಅಂತೀ?"

"ಕಾಯಿ ಏನೂ ಮಾಡಿಲ್ರಿ ಅಕ್ಕಾರ. ಒಡದ ಜಾಗ ಮಾಡ್ಯಾದ."

"ಏ ಮಲ್ಕಪ್ಪ, ನೋಡು," ಹಂಪಮ್ಮನ ದನಿ ಏರುತ್ತದೆ. "ಇವನ ಮಾಮ ತೀರಿ ಹೋದಮ್ಯಾಲ ಈ ಗಾಡಿದು ಒಂದ್ ಅಮಾಸಿ ಬಿಟ್ಟಿಲ್ಲ ನಾ. ಕಿರ್ರ್ ಅಂತ ಒದರತಿತ್ತು. ಪೂಜಿ ಮಾಡಿ ವಿಭೂತಿ ಹಚ್ಚಿದ್ನೋ ಇಲ್ವೋ, ಗಪ್ ಆಗತಿತ್ತು. ಅದೂ ಸುಳ್ಳೇನು?"

"ಸುಳ್ಳಲ್ರಿ. ಖರೇ."

ಈ ಒಪ್ಪಿಗೆಯನ್ನು ಅವರು ನಿರೀಕ್ಷಿಸಿರಲಿಲ್ಲ. ಮಲ್ಕಪ್ಪ ಅವರೆದುರು ಕುಕ್ಕರಗಾಲಲ್ಲಿ ಕೂರುತ್ತಾರೆ.

"ನಮ್ಮವ್ವನ ರಾಟಿ ದಾರ ಜಾರಿದ್ರ, ಒಲ್ಯಾಗಿಂದು ಬೂದಿ ಹಚ್ಚತಿದ್ಲು. ಅವಾಗ ದಾರ ಗಟ್ಟಿ ಹಿಡೀತಿತ್ತು. ವಿಭೂತಿನೂ ಬೂದಿ ಅಲ್ಲೇನ್ರಿ? ಬೆಲ್ಟಿಗಿ ಹತ್ತಿದ್ರ ಒದರೋದು ನಿಲ್ತದ. ಎಷ್ಟ ದಿನ ಗಪ್ ಇರತಿತ್ತು, ನೀವ ಹೇಳ್ರಿ."

ಉತ್ತರ ಬಸವಕುಮಾರರಿಂದ ಬರುತ್ತದೆ. "ಎರಡ ದಿನ. ಆಮ್ಯಾಲ ಮೊದ್ಲಿನಕಿಂತ ಜೋರ್ ಒದರತಿತ್ತು."

"ನಿನಗ ಯಾರ ಕೇಳ್ಯಾರೋ?"

"ಗಾಡಿ ಹೊಡಿಯಾಂವ ನಾನಲ್ಲೇನು ಅತ್ತಿ?"

ಬೂದಿ ನುಣ್ಣಗೆ ಕಂಡರೂ ಉಜ್ಜುವ ವಸ್ತುವೇ. ಹಿತ್ತಾಳೆ ಪಾತ್ರೆ ಬೆಳಗುವಂತೆ ಬೆಲ್ಟಿನ ಮೈಯನ್ನೂ ಬೆಳಗುತ್ತದೆ. ಬೆಳಗಿದ ಬೆಲ್ಟು ಇನ್ನಷ್ಟು ಜಾರುತ್ತದೆ, ಇನ್ನಷ್ಟು ಕಿರುಗುಟ್ಟುತ್ತದೆ, ಅದಕ್ಕೆ ಮುಂದಿನ ಅಮಾವಾಸ್ಯೆಗೆ ಇನ್ನಷ್ಟು ವಿಭೂತಿ. ಮಲ್ಕಪ್ಪ ಹೊಳೆಯುವ ಹಳೆಯ ಬೆಲ್ಟನ್ನು ತಂದು ತೋರಿಸುತ್ತಾರೆ. ಹಂಪಮ್ಮ ಬೆರಳಾಡಿಸುತ್ತಾರೆ. ದಿನವೂ ಹಿಟ್ಟಿನ ಹದವನ್ನು ಬೆರಳಿನಲ್ಲೇ ತಿಳಿಯುವ ಕೈ ಅದು.

ಅಷ್ಟರಲ್ಲಿ ಮಹಾನಂದಾ ಹೊಸ ತಟ್ಟೆ ತಂದು ಬಾನೆಟ್ಟಿನೊಳಗೆ ಜಾಗ ಹಿಡಿದು ತೋರಿಸುತ್ತಾರೆ. ಹಂಪಮ್ಮ ಇಣುಕಿ ನೋಡಿ ಹುಬ್ಬು ಗಂಟಿಕ್ಕುತ್ತಾರೆ.

"ಇಲ್ಲಿ? ದೇವ್ರನ್ನ ಒಯ್ದು ಮೂಲ್ಯಾಗ ಕೂಡಸ್ತಿ?"

"ಅಕ್ಕಾರ, ನೀವು ರೊಟ್ಟಿ ಹಂಚಿನ ಮ್ಯಾಲ ಊದಿನಕಡ್ಡಿ ಹಚ್ಚತೀರೇನು?"

"ಹಂಚಿನ ಮ್ಯಾಲ ಯಾಕ ಹಚ್ಚಲಿ? ಮನ್ಯಾಗ ದೇವ್ರ ಜಗಲಿ ಅದ."

"ಅದು ಎಲ್ಲಿ ಅದ? ಒಲಿ ಬಾಜೂಕನ?"

"ಹುಚ್ಚಿ, ಒಲಿ ಬಾಜೂಕ ಯಾರರ ಜಗಲಿ ಕಟ್ಟತಾರೇನು? ಹೊಗಿ ಆಗತದಂತ ಒಳಗಿನ ಮೂಲ್ಯಾಗ..." ಹಂಪಮ್ಮ ಅಲ್ಲಿಗೇ ನಿಲ್ಲುತ್ತಾರೆ.

"ಇದೂ ಜಗಲಿನ್ರಿ," ಅನ್ನುತ್ತಾರೆ ಮಹಾನಂದಾ.

ಹಂಪಮ್ಮ ಅಷ್ಟು ಸುಲಭಕ್ಕೆ ಬಿಟ್ಟುಕೊಡುವವರಲ್ಲ. "ಜಗಲಿ ಅಂದ್ರ ಒಂದು ದಿಕ್ಕು ಇರಬೇಕಲ್ಲ? ಗಾಡಿ ಹತ್ತು ಕಡಿ ತಿರಗತದ."

"ಗೋಗಿಲಿಂದ ಯಾದಗಿರಿ ಪೂರ್ವಕ್ಕನ ಅದ ಅತ್ತಿ," ಅನ್ನುತ್ತಾರೆ ಬಸವಕುಮಾರ.

"ತಿರುಗಿ ಬರುವಾಗ?"

"ಬರುವಾಗ ಬುಟ್ಟಿ ಖಾಲಿ. ದೇವ್ರು ಮಲಗಿರ್ತಾನ."

ಹಂಪಮ್ಮನಿಗೆ ನಗು ತಡೆಯಲಾಗುವುದಿಲ್ಲ. ಸೆರಗು ಬಾಯಿಗಿಟ್ಟು ನಗುತ್ತಲೇ ಕೈಯಲ್ಲಿದ್ದ ಚೂರನ್ನು ಬೇವಿನ ಬುಡಕ್ಕೆ ಹಾಕುತ್ತಾರೆ. "ಹೊಡಿಯಪಾ ನಿನ್ನ ರಿವೆಟ್. ಸೊಟ್ಟ ಹೊಡದೀ ಮತ್ತ."

ಹೊಸ ಡೈನಮೋ ಬೆಲ್ಟು ಏರುತ್ತದೆ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ, ಆಮೇಲೆ ಎರಡು ಬೆರಳಲ್ಲಿ ಹಿಡಿದು ಕಾಲು ಸುತ್ತು ತಿರುಚಿ ಬಿಗಿ ನೋಡುತ್ತಾರೆ ಮಲ್ಕಪ್ಪ. ಗುಜರಿಯಿಂದ ಕೂಡಿಟ್ಟ ಮುಚ್ಚಳಗಳ ರಾಶಿಯಲ್ಲಿ ಈ ಗಾಡಿಗೆ ಹೊಂದುವುದೊಂದು ಸಿಗುತ್ತದೆ. ಗುಬ್ಬಿಗಳ ನೀರು ಉಳಿಯುತ್ತದೆ. ಹಂಪಮ್ಮ ತಟ್ಟೆಗೆ ವಿಭೂತಿ ಹಚ್ಚಿ, ಬೇಲಿಯ ದಾಸವಾಳ ಒಂದನ್ನು ಕಿತ್ತಿಟ್ಟು, ಸೆರಗಿನಿಂದ ಚಾವಿ ಬಿಚ್ಚಿ ಕೊಡುತ್ತಾರೆ. ಎಂಜಿನ್ ಒಂದೇ ಸಲಕ್ಕೆ ಹಿಡಿಯುತ್ತದೆ. ಎಲ್ಲರೂ ಕಿವಿಗೊಟ್ಟು ನಿಂತಿದ್ದಾರೆ. ಕಿರುಗುಟ್ಟುವುದಿಲ್ಲ.

"ಮುಟ್ಟಿದ ಕೂಡ್ಲೆ ಫೋನ್ ಹಚ್ಚರಿ," ಅನ್ನುತ್ತಾರೆ ಮಲ್ಕಪ್ಪ. ಒಳಗಿನ ಬೆಲ್ಟು ಹಾಕಿ ಕಳಿಸಿದ ಪ್ರತಿ ಗಾಡಿಗೂ ಈ ಮಾತು. ಆ ಫೋನು ಬರುವವರೆಗೆ ಅವರು ಉಣ್ಣುವುದಿಲ್ಲ. ಇದನ್ನು ಮಹಾನಂದಾ ದೂರಿನಂತೆ ಹೇಳುತ್ತಾರೆ, ದನಿಯಲ್ಲಿ ದೂರಿಲ್ಲ.

ಬಿಸಿಲು ಏರಿದಂತೆ ಅಮಾವಾಸ್ಯೆಯ ಉಳಿದ ಗಾಡಿಗಳು ಬರುತ್ತವೆ. ಕೆಲವಕ್ಕೆ ಆಗಲೇ ಜಗಲಿ ಇದೆ, ಅವು ಬಂದಿರುವುದು ಬರೀ ಬಿಗಿ ನೋಡಿಸಲು. ಅವುಗಳಲ್ಲಿ ಒಂದು ಸುರಪುರದ ಮಾನಪ್ಪನವರದು. ಹೌದು, ತಿರುಗಿ ಬಂದರು. ಬೇರೆಯವರ ಕಾರಿನಲ್ಲಿ ಜಗಲಿ ನೋಡಿ, ನನಗೂ ಒಂದು ಹಾಕು ಎಂದು ತಾವೇ ಬಂದರಂತೆ. ಇಂದು ಅವರು ಹೇಳುವ ಸುದ್ದಿ ಬೇರೆ: "ಸುರಪುರದಾಗ ಹಳೇ ಗಾಡಿ ತಗೊಳ್ಳೋರು ಈಗ ಮೊದ್ಲು ಎಂಜಿನ್ ನೋಡಂಗಿಲ್ರಿ. ಬಾನೆಟ್ ಎತ್ತಿ, ಜಗಲಿ ಅದೇನು ಅಂತ ನೋಡ್ತಾರ. ಇದ್ರ, ಮಲ್ಕಪ್ಪನ ಕೈ ಬಿದ್ದಾದ, ನೆಚ್ಚಿ ತಗೋಬಹುದು ಅಂತ."

ಮಲ್ಕಪ್ಪ ಮುಂದಿನ ಗಾಡಿಯ ಬಾನೆಟ್ ಎತ್ತುತ್ತಾರೆ. ಮಹಾನಂದಾ ಹೇಳುತ್ತಾರೆ: "ತಗಡು ಕತ್ತರಸಿದ ಕೈ ಯಾರದು ಅಂತನೂ ಹೇಳು ಮಾನಪ್ಪಣ್ಣ, ಅವ್ರಿಗಿ."

ಹೊಸ ಕಾರುಗಳಲ್ಲಿ ಹಲವಕ್ಕೆ ಒಳಗೆ ಬೆಲ್ಟಿನ ಬದಲು ಚೈನು. ಹಳೆಯ ಕಾರುಗಳು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿವೆ. ಮುಂದೇನು ಎಂದರೆ ಮಲ್ಕಪ್ಪ ಆತಂಕ ಪಡುವುದಿಲ್ಲ. "ಸುತ್ತೂದು ಇರೂತನ ಸವಿಯೂದು ಇರ್ತದರಿ. ಚೈನೂ ಸವೀತದ. ನೋಡೂಣು ಬರ್ಲಿ." ಅವರ ಆಸೆ ಚಿಕ್ಕದು. ಅವ್ವನ ರಾಟಿ ಶಿರವಾಳದ ಮನೆಯ ಅಟ್ಟದ ಮೇಲಿದೆ. ಅದನ್ನು ತಂದು, ಹೊಸ ದಾರ ಕಟ್ಟಿ, ಶೆಡ್ಡಿನಲ್ಲಿ ಹರವಿಯ ಪಕ್ಕ ಇಡಬೇಕು. ಮೊದಲ ಸಲ ಬರುವ ಡ್ರೈವರಿಗೆ ಬೆಲ್ಟಿನ ಬಗ್ಗೆ ಬಾಯಲ್ಲಿ ಹೇಳುವುದಕ್ಕಿಂತ, ಚಕ್ರ ತಿರುಗಿಸಿ ತೋರಿಸುವುದು ಸುಲಭ.

ಮಧ್ಯಾಹ್ನ ಬೇವಿನ ನೆರಳು ಬುಡಕ್ಕೆ ಬಂದಿದೆ. ಮಹಾನಂದಾ ಬುತ್ತಿ ಬಿಚ್ಚಿ ಕೂತಿದ್ದಾರೆ, ತಾವೂ ಉಂಡಿಲ್ಲ. ಮಲ್ಕಪ್ಪ ಇನ್ನೊಂದು ಕಾರಿನ ಕೆಳಗಿದ್ದಾರೆ, ಕಾಲು ಮಾತ್ರ ಕಾಣುತ್ತಿದೆ. ಗೋಣಿತಟ್ಟಿನ ಮೇಲಿಟ್ಟ ಫೋನು ಸದ್ದು ಮಾಡುತ್ತದೆ. ಮಹಾನಂದಾ ಅದನ್ನು ಜೋರು ಮಾಡಿ ಕಾರಿನ ಕೆಳಗೆ ಹಿಡಿಯುತ್ತಾರೆ. ಆ ಕಡೆಯಿಂದ ಖಾನಾವಳಿಯ ತಟ್ಟೆ ಲೋಟಗಳ ಗದ್ದಲ, ಅದರ ಮೇಲೆ ಹಂಪಮ್ಮನ ದನಿ.

"ಮಲ್ಕಪ್ಪ, ಸೈದಾಪುರ ಮುಟ್ಟೀವಪ್ಪ. ಒಂದ್ ರೊಟ್ಟಿನೂ ಮುರದಿಲ್ಲ. ಆದ್ರ ಗಾಡಿ ದಾರ್ಯಾಗ ಏನೂ ಸಪ್ಪಳನ ಮಾಡ್ಲಿಲ್ಲ. ನನಗ ರೂಢಿ ಇಲ್ಲ ನೋಡು, ಅಂಜಿಕಿ ಬಂತು. ಎರಡು ಸರ್ತಿ ನಿಂದರಿಸಿ ಬಾನೆಟ್ ಎತ್ತಿ ನೋಡಸೀನಿ."

ಮಲ್ಕಪ್ಪ ಕಾರಿನ ಕೆಳಗಿನಿಂದ ಜಾರಿ ಹೊರಗೆ ಬರುತ್ತಾರೆ. ಕೈ ಒರೆಸಿಕೊಳ್ಳುತ್ತ, ಬುತ್ತಿಯ ಕಡೆ ನೋಡುತ್ತ, ಫೋನಿಗೆ ಹೇಳುತ್ತಾರೆ:

"ಇನ್ನಮ್ಯಾಲ ಎತ್ತಬ್ಯಾಡ್ರಿ ಅಕ್ಕಾರ. ಸಪ್ಪಳ ಇಲ್ಲಂದ್ರ, ಮಲ್ಕಪ್ಪ ಅಲ್ಲೇ ಒಳಗ ಕುಂತಾನ ಅನಕೋರಿ."